ಬಿಲ್ಲೆ ಇಲ್ಲದ ತಮ್ಮ

ಕಲ್ಲಿದ್ದಲ ಗಣಿಯಲ್ಲಿ ಕೆಳಗಿಳಿಯುವವರಿಗೆ ದೀಪ ಕೊಡುವ ಕೋಣೆ ಕಾಯುವವನನ್ನು ಎಲ್ಲರೂ ದೀಪದಣ್ಣ ಎನ್ನುತ್ತಿದ್ದರು. ಅವನಿಗೆ ಹೆಂಡತಿಯ ಮಾತಿಗಿಂತ ಗೋಡೆಯ ಹಲಗೆಯ ಮೇಲೆ ನಂಬಿಕೆ ಹೆಚ್ಚು. ಗಣಿಗೆ ಇಳಿಯುವವನು ಹಲಗೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಅದೇ ಮೊಳೆಗೆ ಸಿಕ್ಕಿಸಬೇಕು. ಮೊಳೆ ಖಾಲಿಯಿದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ. ಹಲಗೆ ತುಂಬಿದರೆ ಎಲ್ಲರೂ ಬಂದರು, ಬೀಗ ಹಾಕಿ ಮನೆಗೆ ಹೋಗಬಹುದು. ಮೂವತ್ತೊಂದು ವರ್ಷದಲ್ಲಿ ಹಲಗೆ ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಗಣಿ ಮುಚ್ಚುತ್ತೇವೆ, ಇನ್ನು ಬಿಸಿಲಿನಿಂದಲೇ ಕರೆಂಟು ಎಂದು ಕಂಪನಿ ಹೇಳಿದಾಗ ಕೆಲಸದವರೆಲ್ಲ ಕೆಂಡವಾದರು. ಆಗ ಕಾರ್ಮಿಕ ಸಂಘದ ಪರವಾಗಿ ಮನೆಮನೆ ಹತ್ತಿಳಿದವನು ದೀಪದಣ್ಣನ ತಮ್ಮ. ಅವನು ಗಣಿಯ ಹೊರಗಿನ ಅಂಗಳದಲ್ಲಿ ಲಾರಿಗೆ ಕಲ್ಲಿದ್ದಲು ತುಂಬುವ ಗುತ್ತಿಗೆ ಆಳು. ಬಾಯಿ ಬಿಟ್ಟರೆ ಕಲ್ಲೂ ನಗಬೇಕು.

"ಏನೋ, ಇನ್ಮೇಲೆ ಬಿಸಿಲು ತಿಂದು ಬದುಕ್ಬೇಕಾ?" ಎಂದು ಒಬ್ಬ ಮುದುಕ ರೇಗಿದ.

"ಇಷ್ಟು ವರ್ಷ ಧೂಳು ತಿಂದಿಲ್ವಾ ಚಿಕ್ಕಪ್ಪ? ಬಿಸಿಲಾದ್ರೆ ಹಲ್ಲಿಗಾದ್ರೂ ಅಂಟಲ್ಲ! ಎಲ್ರಿಗೂ ಹೊಸ ಕೆಲಸ, ಕಲಿಯೋವರೆಗೂ ಸಂಬಳ. ಒಬ್ರನ್ನೂ ಕೈಬಿಡಲ್ಲ ಅಂತ ಬರೆದುಕೊಟ್ರೆ ಮಾತ್ರ ಒಪ್ಪೋಣ."

ಎರಡು ಜೊತೆ ಚಪ್ಪಲಿ ಸವೆದವು. ಕೊನೆಗೆ ಸಭೆಯಲ್ಲಿ ಮುದುಕನೂ ಕೈ ಎತ್ತಿದ.

ಕರಾರಿಗೆ ಹೆಸರಿನ ಪಟ್ಟಿ ಬೇಕಾಯಿತು. ದೀಪದಣ್ಣನೇ ಕೂತು ಹಲಗೆ ನೋಡಿ ಒಂದೊಂದೇ ನಂಬರಿಗೆ ಹೆಸರು ಬರೆದ. "ಒಬ್ರೂ ಬಿಟ್ಟಿಲ್ಲ ಸಾರ್," ಎಂದು ಎದೆಯುಬ್ಬಿಸಿ ಕೊಟ್ಟ. ಸಹಿ ಬಿತ್ತು.

ಪಟ್ಟಿಯನ್ನು ಗೇಟಿಗೆ ಅಂಟಿಸಿದ ದಿನ ತಮ್ಮ ಬೆರಳಿಟ್ಟು ಮೇಲಿಂದ ಕೆಳಗೆ ಎರಡು ಸಲ ಓದಿದ. ಲಾರಿ ತುಂಬುವ ಮೂವತ್ತೆಂಟು ಜನರಲ್ಲಿ ಒಬ್ಬನ ಹೆಸರೂ ಇರಲಿಲ್ಲ. ಅವರು ಗಣಿಗೆ ಇಳಿಯುವವರಲ್ಲ. ಅವರಿಗೆ ಬಿಲ್ಲೆಯೇ ಇಲ್ಲ.

"ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ನಿಮ್ಮ ಕಣ್ಣಲ್ಲೇ ಇತ್ತಲ್ರೀ," ಎಂದಳು ಹೆಂಡತಿ. ದೀಪದಣ್ಣ ಆಫೀಸಿಗೆ ಓಡಿದ, ಕೈಮುಗಿದ, ಅತ್ತ. "ಸಹಿ ಆಗಿಹೋಗಿದೆ. ಬೇಕಾದ್ರೆ ನಿಮ್ಮ ತಮ್ಮನದೊಂದು ಹೆಸರು ತೂರಿಸ್ತೀನಿ," ಎಂದ ಅಧಿಕಾರಿ.

ತಮ್ಮ ಒಪ್ಪಲಿಲ್ಲ. "ಮಿಕ್ಕ ಮೂವತ್ತೇಳು ಮನೆ ಮುಂದೆ ಯಾವ ಮುಖ ಹೊತ್ಕೊಂಡು ನಡೀಲಿ? ಒಬ್ರನ್ನೂ ಕೈಬಿಡಲ್ಲ ಅಂದೋನು ನಾನೇ ಅಲ್ವಾ? ಈಗ್ಲೇ ಮಾತಾಡಿಸೋದು ಬಿಟ್ಟಿದಾರೆ."

"ನಿನ್ನನ್ನೇ ಮರೆತ್ನಲ್ಲೋ..."

"ಮರೆತಿಲ್ಲ ಬಿಡಣ್ಣ. ನಾನು ಕೆಳಗೆ ಇಳಿದೋನೇ ಅಲ್ಲ. ನನ್ನ ದಾರಿ ಕಾಯೋ ಕೆಲಸ ನಿಂಗೆ ಯಾವತ್ತೂ ಬಿದ್ದಿರ್ಲಿಲ್ಲ, ಅಷ್ಟೇ." ನಗಿಸಲೆಂದೇ ಹಾಗಂದ. ಇಬ್ಬರೂ ನಗಲಿಲ್ಲ.

ಕೊನೆಯ ಪಾಳಿ ಮುಗಿದು ಒಬ್ಬೊಬ್ಬರೇ ಬಿಲ್ಲೆ ಸಿಕ್ಕಿಸಿ ಹೋದರು. ಹಲಗೆ ತುಂಬಿತು. ದೀಪದಣ್ಣ ಬೀಗ ಕೈಗೆ ತೆಗೆದುಕೊಂಡ. ಹೊರಗೆ ಅಂಗಳದಲ್ಲಿ ಕೊನೆಯ ಲಾರಿ ತುಂಬುತ್ತಿದ್ದ ತಮ್ಮನ ಸಲಿಕೆ ಇನ್ನೂ ಕೆರೆಯುತ್ತಿತ್ತು. ಆ ಸದ್ದು ನಿಲ್ಲುವವರೆಗೂ ಅವನು ಬಾಗಿಲು ತೆರೆದೇ ನಿಂತಿದ್ದ.