ಹನ್ನೊಂದು ಗಿಡಗಳ ಕಾರ್ಡು

“ಇದನ್ನ ನೋಡಿ, ಐವತ್ತೆರಡು ಭಾನುವಾರಕ್ಕೆ ಐವತ್ತೆರಡು ಸಹಿ,” ಎಂದು ತಪಾಸಣೆಗೆ ಬಂದ ನಗರಸಭೆಯ ಅಧಿಕಾರಿಣಿ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಒಂದೂ ತಪ್ಪಿಲ್ಲ. ನಿಮ್ಮ ಮನೆಯವರನ್ನ ನೋಡಲೇಬೇಕು ಸರ್. ಮನೇಲಿದ್ದಾರಾ?”

“ಊರಲ್ಲಿಲ್ಲ,” ಎಂದರು ಮೇಷ್ಟ್ರು.

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿ, ನಕಲು ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವರು ಅವರು. ಆ ಒಂದು ಮಾತು ಆಡಿದ್ದಕ್ಕೇ ನಾಲಿಗೆ ಒಣಗಿತು. ಮೇಜಿನ ಮೇಲಿದ್ದ ತಂಬಿಗೆಯನ್ನು ಎಳೆದುಕೊಂಡು ನೀರು ಕುಡಿದರು.

ವಾಚನಾಲಯದ ಹಿಂದಿನ ಆ ಕೋಣೆಯೇ ಬಡಾವಣೆಯ ಗಿಡಗಳ ಸಮಿತಿಯ ಕಚೇರಿ; ಮೇಷ್ಟ್ರು ಅದರ ಕಾರ್ಯದರ್ಶಿ. ಬೀದಿಗಳಲ್ಲಿ ಮರ ಬೆಳೆಸಲು ನಗರಸಭೆಯಿಂದ ಅನುದಾನ ಬಂದಿತ್ತು. ಗಿಡ ವಹಿಸಿಕೊಂಡ ಪ್ರತಿ ಮನೆಗೂ ಒಂದು ಕಾರ್ಡು. ವಾರವೆಲ್ಲ ನೀರು ಹಾಕಿದವರು ಭಾನುವಾರ ಸಹಿ ಮಾಡಬೇಕು. ವರ್ಷದ ಕೊನೆಗೆ ತಪಾಸಣೆ. ಅದರಲ್ಲಿ ಗೆದ್ದರೆ ಆಸ್ಪತ್ರೆಯ ಎದುರಿನ ಬೋಳು ರಸ್ತೆಗೂ ಗಿಡ, ಬೇಲಿ, ನೀರಿನ ತೊಟ್ಟಿ. ಒಂದು ಸಹಿ ಸುಳ್ಳೆಂದು ಕಂಡರೂ ಅನುದಾನ ನಿಲ್ಲುತ್ತದೆ ಎಂದು ಕಾರ್ಡಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಆ ಸಾಲನ್ನು ಸಭೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದವರು ಮೇಷ್ಟ್ರೇ.

ಅಧಿಕಾರಿಣಿಯ ಕೈಯಲ್ಲಿದ್ದ ಕಾರ್ಡು ಅವರ ಹೆಂಡತಿಯದು. ಹಿಂದಿನ ಓಣಿಯ ಹನ್ನೊಂದು ಗಿಡಗಳನ್ನು ಆಕೆ ವಹಿಸಿಕೊಂಡಿದ್ದರು. ಇಪ್ಪತ್ತು ಭಾನುವಾರ ಸಹಿ ಮಾಡಿದರು. ಇಪ್ಪತ್ತೊಂದನೆಯದಕ್ಕೆ ಇರಲಿಲ್ಲ.

ಆಕೆ ಹೋದ ನಂತರದ ಮೊದಲ ಭಾನುವಾರ ಕಾರ್ಡುಗಳನ್ನೆಲ್ಲ ಜೋಡಿಸುವಾಗ ಆಕೆಯ ಕಾರ್ಡಿನಲ್ಲಿ ಆ ವಾರದ ಚೌಕ ಖಾಲಿ ಕಂಡಿತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ; ಆಕೆಯ ಹೆಸರು ಬರೆದುಬಿಟ್ಟರು. ಮದುವೆಯಾದ ಹೊಸದರಲ್ಲಿ ಆಕೆಗೆ ಸಹಿ ಮಾಡಲು ಕಲಿಸಿದವರೇ ಅವರಾದ್ದರಿಂದ ಅಕ್ಷರ ತಾನಾಗಿ ಮೂಡಿತು. ಬರೆಯುವಷ್ಟು ಹೊತ್ತು ಆಕೆ ಒಳಗಿನ ಕೋಣೆಯಲ್ಲೇ ಇದ್ದಂತಿತ್ತು. ಮೊದಲ ಸಹಿಯನ್ನು ದುಃಖ ಹಾಕಿತು. ಉಳಿದ ಮೂವತ್ತೊಂದನ್ನು ಕಾರ್ಯದರ್ಶಿ ಹಾಕಿದರು. ಆಕೆ ದಿನಾ ಬಿಂದಿಗೆ ಹಿಡಿದು ನಡೆಯುತ್ತಿದ್ದ ಓಣಿಗೆ ಅವರು ಮತ್ತೆ ಕಾಲಿಡಲಿಲ್ಲ, ಒಂದು ತಂಬಿಗೆ ನೀರನ್ನೂ ಹಾಕಲಿಲ್ಲ. ದಿನಕ್ಕೆರಡು ಬಾರಿ ದೇವರ ಮುಂದೆ ಕೂರುವ ಮನುಷ್ಯ. ಏನೆಲ್ಲ ಹೇಳಿಕೊಂಡರೂ ಈ ಒಂದು ವಿಷಯವನ್ನು ಅಲ್ಲಿ ಎತ್ತುತ್ತಿರಲಿಲ್ಲ.

ಅಧಿಕಾರಿಣಿ ಗಿಡ ನೋಡಲು ಎದ್ದಳು. ಮೇಷ್ಟ್ರು ಅವಳನ್ನು ದೊಡ್ಡ ಬೀದಿಯಲ್ಲೇ ಸುತ್ತಿಸಿದರು. ಗುಂಡಿ ತೋಡಿದ ಕಥೆ, ಗೊಬ್ಬರ ತಂದ ಕಥೆ, ಮೇಕೆ ನುಗ್ಗಿದ ಕಥೆ, ಕೇಳದಿದ್ದರೂ ಹೇಳಿದರು. ಅವಳು ಎಲ್ಲಕ್ಕೂ ತಲೆಯಾಡಿಸಿ, “ಇನ್ನು ಆ ಹಿಂದಿನ ಓಣಿ,” ಎಂದಳು.

ಒಣಗಿದ ಹನ್ನೊಂದು ಕಡ್ಡಿಗಳನ್ನು ಎದುರಿಸಲು ಮನಸ್ಸು ಗಟ್ಟಿ ಮಾಡಿಕೊಂಡು ಮೇಷ್ಟ್ರು ತಿರುವು ದಾಟಿದರು.

ಹನ್ನೊಂದೂ ನಿಂತಿದ್ದವು, ಆಳೆತ್ತರಕ್ಕೆ. ತುದಿಯ ಎಳೆಯ ಎಲೆಗಳು ಗಾಳಿಗೆ ಮಿನುಗುತ್ತಿದ್ದವು. ಮೇಷ್ಟ್ರ ಕೈಗಳು ತಾವಾಗಿ ಕೂಡಿದವು. ಆಕೆಯೇ ನೋಡಿಕೊಂಡಳೇನೋ, ಭಗವಂತನೇ ಮಾನ ಉಳಿಸಿದನೇನೋ ಎನಿಸಿ ಕಣ್ಣು ಮಂಜಾಯಿತು.

ಅಧಿಕಾರಿಣಿ ಕುಕ್ಕರುಗಾಲಲ್ಲಿ ಕುಳಿತು ಮಣ್ಣಿಗೆ ಬೆರಳು ಚುಚ್ಚಿ ನೋಡಿದಳು. ಕೋಲಿಗೆ ಗಿಡ ಕಟ್ಟಿದ್ದ ಬಟ್ಟೆಯ ಪಟ್ಟಿಯನ್ನು ಮುಟ್ಟಿ ಮೆಚ್ಚಿದಳು. “ಹಗ್ಗ ಕಟ್ಟಿದ್ರೆ ತೊಗಟೆ ಕೊರೆಯುತ್ತೆ ಸರ್. ಹೀಗೆ ಮೆತ್ತಗೆ ಕಟ್ಟೋರು ಅಪರೂಪ.”

ಮೇಷ್ಟ್ರು ಬಗ್ಗಿ ನೋಡಿದರು. ಬಿಳಿಯ ಅಂಗಿಯೊಂದರ ಚೂರು. ಅದರ ಅಂಚಿನಲ್ಲಿ ಕಂದು ಬಣ್ಣದ ಸುಟ್ಟ ಗುರುತು, ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರದ್ದು. ಪಕ್ಕದ ಗಿಡದ ಪಟ್ಟಿಯಲ್ಲೂ ಅಂಥದೇ ಗುರುತು.

ಓಣಿಯ ಕೊನೆಯಲ್ಲಿದ್ದದ್ದು ಒಂದೇ ಇಸ್ತ್ರಿ ಅಂಗಡಿ. ಅದರ ಹೆಂಗಸು ಬಾಗಿ ಅಂಗಿಯೊಂದರ ತೋಳು ಉಜ್ಜುತ್ತಿದ್ದಳು. ಅವಳಿಗೂ ಸಮಿತಿ ಒಂದು ಗಿಡ ಕೊಟ್ಟಿತ್ತು. ಗಿಡ ಚೆನ್ನಾಗಿಯೇ ಇತ್ತು, ಕಾರ್ಡು ಮಾತ್ರ ಖಾಲಿ. ಎರಡು ತಿಂಗಳ ಹಿಂದೆ ತುಂಬಿದ ಸಭೆಯಲ್ಲಿ ಮೇಷ್ಟ್ರು ಆ ಕಾರ್ಡನ್ನು ಎತ್ತಿ ತೋರಿಸಿ ಗದರಿದ್ದರು. ಆಗ ಅವಳು, “ಕಾರ್ಡಿಗೆ ನೀರು ಹಾಕಿದ್ರೆ ಗಿಡ ಚಿಗುರುತ್ತಾ ಮೇಷ್ಟ್ರೇ?” ಎಂದಿದ್ದಳು. ಜನ ನಕ್ಕರು. ಮೇಷ್ಟ್ರಿಗೆ ಮೈ ಉರಿಯಿತು. ನಿನ್ನಂಥವರಿಂದಲೇ ಅನುದಾನ ತಪ್ಪುವುದು ಎಂದು ಹೇಳಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಅಂದಿನಿಂದ ಪಕ್ಕದ ಮನೆಯ ಹುಡುಗನ ಕೈಲಿ ತಮ್ಮ ಬಟ್ಟೆಯನ್ನು ಅವಳಲ್ಲಿಗೆ ಕಳಿಸುವುದನ್ನೂ ನಿಲ್ಲಿಸಿದ್ದರು.

“ಉತ್ತಮ ಪಾಲಕರು ಅಂತ ಒಂದು ಹೆಸರು ಕಳಿಸಬಹುದು,” ಎಂದು ಅಧಿಕಾರಿಣಿ ಹಾಳೆ ತಿರುಗಿಸಿ ಪೆನ್ನು ತೆಗೆದಳು. “ನಿಮ್ಮ ಮನೆಯವರದ್ದೇ ಬರೀತೀನಿ. ಊರಿಂದ ಬಂದಮೇಲೆ ನನ್ನ ನಮಸ್ಕಾರ ತಿಳಿಸಿ.”

ಅಂಗಡಿಯಲ್ಲಿ ಇಸ್ತ್ರಿಯ ಸದ್ದು ನಿಂತಿತು. ಹೆಂಗಸು ತಲೆಯೆತ್ತಿ ಒಮ್ಮೆ ಮೇಷ್ಟ್ರನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಮತ್ತೆ ತೋಳು ಉಜ್ಜತೊಡಗಿದಳು.

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

“ಬರೀಬೇಡಿ ಅಮ್ಮಾ,” ಎಂದರು. ದನಿ ತಮ್ಮದೆಂದೇ ಅನಿಸಲಿಲ್ಲ. “ಅವಳು ಊರಿಗೆ ಹೋಗಿಲ್ಲ. ತೀರಿಕೊಂಡು ಏಳು ತಿಂಗಳಾಯ್ತು. ಇಪ್ಪತ್ತೊಂದರಿಂದ ಆಚೆಯ ಸಹಿಯೆಲ್ಲ ನನ್ನದು.”

ಅಧಿಕಾರಿಣಿ ಕಾರ್ಡನ್ನೂ ಅವರ ಮುಖವನ್ನೂ ನೋಡಿದಳು. ಮೆಲ್ಲಗೆ ಹೇಳಿದಳು: “ನಾನು ಇದನ್ನ ವರದೀಲಿ ಬರೀಲೇಬೇಕು ಸರ್. ಆಸ್ಪತ್ರೆ ರಸ್ತೆ ಈ ವರ್ಷ ಸಿಗೋದು ಕಷ್ಟ.”

“ಬರೀರಿ.”

“ಮತ್ತೆ ನೀರು ಹಾಕಿದ್ದು ಯಾರು?”

ಮೇಷ್ಟ್ರು ಅಂಗಡಿಯ ಕಡೆ ಕೈ ತೋರಿಸಿದರು. ಅಧಿಕಾರಿಣಿ ಅಲ್ಲಿಗೆ ನಡೆದಳು. ಅವರೂ ಹಿಂದೆ ಹೋಗಬೇಕಾಯಿತು. ಕೇಳಿದ್ದಕ್ಕೆ ಇಸ್ತ್ರಿಯವಳು ಅಂಗಿ ಮಡಿಸುತ್ತಲೇ ಉತ್ತರ ಕೊಟ್ಟಳು.

“ಅಕ್ಕ ಹಾಸಿಗೆ ಹಿಡಿದಾಗ ಹೇಳಿದ್ರು. ‘ಅವರಿಗೆ ಕಾರ್ಡು ಗೊತ್ತು, ಗಿಡ ಗೊತ್ತಿಲ್ಲ. ನೀನು ನೋಡ್ಕೊಳ್ಳೇ’ ಅಂತ. ನೋಡ್ಕೊಂಡೆ.”

“ಇವರಿಗೆ ಒಂದು ಮಾತು ಹೇಳಬಾರದಿತ್ತಾ?”

“ಈ ಓಣಿಗೆ ಬಂದಿದ್ರೆ ತಾನೇ ಹೇಳೋದು.”

ಅಧಿಕಾರಿಣಿ ಬರೆದುಕೊಂಡು ಹೊರಟಳು. ಮೇಷ್ಟ್ರು ಅಂಗಡಿಯ ಮುಂದೆ ನಿಂತೇ ಇದ್ದರು. ಕ್ಷಮಿಸು ಎನ್ನಬೇಕೆಂದುಕೊಂಡು ಅಂಗಿಯ ಗುಂಡಿ ತಿರುವಿದರು. ಅವಳು ಅವರ ಮುದುಡಿದ ಕಾಲರನ್ನು ಮೇಲಿಂದ ಕೆಳಗೆ ನೋಡಿದಳು.

“ನಾಳೆ ಅಂಗಿಗಳನ್ನೆಲ್ಲ ತಂದು ಕೊಡಿ ಮೇಷ್ಟ್ರೇ. ಅಕ್ಕ ನೋಡಿದ್ರೆ ನನಗೇ ಬೈತಿದ್ರು.”

ಮರುದಿನ ಬೆಳಕು ಹರಿಯುತ್ತಲೇ ಮೇಷ್ಟ್ರು ಹೆಂಡತಿಯ ಬಿಂದಿಗೆ ತುಂಬಿಕೊಂಡು ಓಣಿಗೆ ಬಂದರು. ಅಭ್ಯಾಸವಿಲ್ಲದ ನಡಿಗೆಗೆ ನೀರು ತುಳುಕಿ ಪಂಚೆ ನೆನೆದಿತ್ತು. ಅಂಗಡಿಯ ಬಾಗಿಲು ಇನ್ನೂ ಮುಚ್ಚಿತ್ತು. ಮೊದಲ ಗಿಡದ ಬಳಿ ಬಗ್ಗಿ, ಅಧಿಕಾರಿಣಿ ಮಾಡಿದಂತೆ, ಬುಡಕ್ಕೆ ಬೆರಳಿಟ್ಟು ನೋಡಿದರು.

ಮಣ್ಣು ಆಗಲೇ ಒದ್ದೆಯಾಗಿತ್ತು. ಎರಡನೆಯದರದೂ, ಮೂರನೆಯದರದೂ. ಹನ್ನೊಂದನೆಯ ಗಿಡದವರೆಗೆ ನಡೆದು, ತುಂಬಿದ ಬಿಂದಿಗೆಯನ್ನು ಸದ್ದಾಗದಂತೆ ಅಂಗಡಿಯ ಮೆಟ್ಟಿಲ ಮೇಲೆ ಇಟ್ಟರು.