ಹಿತ್ತಾಳೆ ಗೌರಿಯ ಗಲ್ಲ

ಬೆಳಕು ಈಗ ಗೌರಿಯ ಮೂಗಿನ ತುದಿಗೆ ಬಂದಿದೆ, ಇನ್ನೊಂದಿಷ್ಟು ಇಳಿದರೆ ನತ್ತಿನ ಮುತ್ತಿಗೆ ತಾಗುತ್ತದೆ, ತಾಗಲಿ, ಅಲ್ಲಿಯವರೆಗೆ ಸೀನು ಬರಬಾರದು ಅಷ್ಟೇ — ಈ ಕೋಣೆಯಲ್ಲಿ ತಂಬಾಕು ತುಂಬುವುದು ಬಿಟ್ಟು ಎಷ್ಟೋ ವರ್ಷವಾಯಿತು, ಆದರೂ ಗೋಡೆ ಇನ್ನೂ ಘಾಟು ಬಿಡುತ್ತದೆ, ಮೂಗಿನೊಳಗೆ ಇರುವೆ ಹರಿದ ಹಾಗೆ, ಸೆರಗು ಒತ್ತಿ ಹಿಡಿ ಕೋಮಲ, ಬಾಯಿಂದ ಉಸಿರಾಡು, ಬಾಗಿಲಿನ ಆಚೆ ಅತ್ತೆ ಕೂತಿದ್ದಾಳೆ. ಮಲಗಿದ್ದಳಲ್ಲ, ಗೊರಕೆ ಕೇಳಿಸಿಕೊಂಡೇ ನಾನು ಟ್ರಂಕು ತೆಗೆದದ್ದು, ಹಬ್ಬಕ್ಕೆ ಕೂರಿಸುವ ಗೌರಿಯ ಹಿತ್ತಾಳೆ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಲ್ಲಿಗೆ ಓಡಿಬಂದು ಒಳಗಿನಿಂದ ಚಿಲಕ ಹಾಕಿಕೊಂಡದ್ದು, ಈ ಅಕ್ಕುತಾಯಿಗೆ ಇವತ್ತೇ ಬರಬೇಕಿತ್ತೆ, ಮಗ್ಗುಲ ಮನೆಯವಳು, ಗಿರಿಜವ್ವಾ ಅದೀಯೇನ ಬೇ ಅಂತ ಅಂಗಳದಿಂದಲೇ ಕೂಗಿಕೊಂಡು ಬಂದಳೆಂದರೆ ದೀಪ ಹಚ್ಚುವವರೆಗೆ ಏಳುವುದಿಲ್ಲ. ಇಡೀ ಪಡಸಾಲೆ ಬಿಟ್ಟು ಇಬ್ಬರೂ ಈ ಬಾಗಿಲಿಗೇ ಬೆನ್ನು ಕೊಟ್ಟಿದ್ದಾರೆ, ಇಲ್ಲೆ ತಣ್ಣಗ ಐತಿ ನೋಡ ಅಂತ, ಬಳ್ಳೊಳ್ಳಿ ಸುಲಿಯುತ್ತಿದ್ದಾರೆ, ಸಿಪ್ಪೆಯ ಚರಪರ ಹಲಗೆಯ ಸಂದಿಯಿಂದ ಕೇಳುತ್ತದೆ. ನಿನ್ನ ಸೊಸಿ ಎಲ್ಲಿ ಅದಾಳ? ಮ್ಯಾಲ ಮಲಗಿರಬೇಕ ತಗಿ, ಮುಂಜಾನಿಂದ ಕೈ ಬಿಡುವಿಲ್ಲ ಪಾಪ. ಪಾಪ ಅಂದಳು ನನಗೆ, ಅವಳ ಗೌರಿ ನನ್ನ ಎದುರಿಗೆ ಗೊಬ್ಬರದ ಚೀಲದ ಮೇಲೆ ಕೂತಿದ್ದಾಳೆ.

ಬೆಳಕು ಕಿಟಕಿಯಿಂದ ಬರಬೇಕು, ಪಕ್ಕದಿಂದ, ನೆತ್ತಿಯ ಮೇಲಿನಿಂದ ಅಲ್ಲ, ಫ್ಲ್ಯಾಶ್ ಮುಟ್ಟಲೇಬೇಡಿ, ಮೊದಲು ಲೆನ್ಸ್ ಒರೆಸಿ ಮೈತ್ರಿಣಿಂನೋ, ಗೆಳತಿಯರೇ — ಟಿಪ್ಸ್‌ಬಾಯಿ ಹಾಗೆಯೇ ಶುರುಮಾಡುವುದು, ಪುಣೆಯವಳು, ಹೆಸರೇನೋ ಇದೆ, ನಾನು ಇಟ್ಟದ್ದು ಟಿಪ್ಸ್‌ಬಾಯಿ, ಮನೆಯಲ್ಲೇ ಕೂತು ಏನಾದರೂ ಮಾಡಿ ಮಾರುವ ಹೆಂಗಸರಿಗೆ ಫೋಟೋ ಕಲಿಸುತ್ತಾಳೆ, ಪುಕ್ಕಟೆ ನೆಟ್ ಬಂದ ವರ್ಷ ಅವಳ ಒಂದು ವಿಡಿಯೋವನ್ನೂ ಬಿಟ್ಟಿಲ್ಲ ನಾನು, ರೊಟ್ಟಿ ಬಡಿಯುತ್ತ, ಹಾಲು ಕಾಯಿಸುತ್ತ, ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು. ಉತ್ತರದ ಕಿಟಕಿ ಹುಡುಕಿ ಎಂದಳು, ಹುಡುಕಿದೆ, ಇಡೀ ಮನೆಯಲ್ಲಿ ಉತ್ತರಕ್ಕೆ ಇರುವುದು ಈ ತಂಬಾಕಿನ ಕೋಣೆಯ ಕಿಟಕಿಯೊಂದೇ, ತಂಬಾಕಿಗೆ ಬಿಸಿಲು ತಾಗಬಾರದೆಂದು ಮಾವನವರ ಅಪ್ಪ ಕಟ್ಟಿಸಿದ್ದು, ಕಳ್ಳರು ಬರಬಾರದೆಂದು ಹೆಬ್ಬೆರಳು ದಪ್ಪದ ಸರಳು ಹಾಕಿಸಿದ್ದು. ಹಿನ್ನೆಲೆ ಖಾಲಿ ಇರಲಿ, ಚೀಲದ ಮೇಲೆ ಕಪ್ಪು ಬ್ಲೌಸ್ ಪೀಸು ಹಾಸಿದ್ದೇನೆ, ನೆರಳಿನ ಕಡೆ ಬಿಳಿ ಹಾಳೆ ಹಿಡಿಯಿರಿ, ಸೊಸೈಟಿಯ ಕ್ಯಾಲೆಂಡರಿನ ಹಿಂಬದಿ ಹಿಡಿದಿದ್ದೇನೆ, ಜೂಮ್ ಮಾಡಬೇಡಿ ನೀವೇ ಹತ್ತಿರ ಹೋಗಿ, ಹೋದೆ ತಾಯಿ, ಇದಕ್ಕಿಂತ ಹತ್ತಿರ ಹೋದರೆ ಗೌರಿಗೆ ಮುದ್ದು ಕೊಟ್ಟಂತಾಗುತ್ತದೆ. ಎಲ್ಲ ಮಾಡಿದೆ. ಕೊನೆಗೆ ಅವಳು ಹೇಳುವ ಒಂದನ್ನು ಮಾತ್ರ ಮಾಡಲಾಗಲಿಲ್ಲ, ಚೆಹರಾ ದಾಖವಾ, ಮುಖ ತೋರಿಸಿ, ಜನ ವಸ್ತು ಕೊಳ್ಳುವುದಿಲ್ಲ ಮನುಷ್ಯರ ಕೈಯಿಂದ ಕೊಳ್ಳುತ್ತಾರೆ, ನಕ್ಕುಬಿಡಿ, ಯಾಕೆ ನಾಚಿಕೆ. ನಾಚಿಕೆಯಂತೆ. ಒಂದು ದಿನ ನಮ್ಮೂರು ಭೋಜಕ್ಕೆ ಬಂದು ಈ ಮನೆಯ ಸೊಸೆಯಾಗಿ ನೋಡು, ಆಮೇಲೆ ಹೇಳು.

ಬಳೆಯಾಗಿದ್ದರೆ ಕೈ ತೋರಿಸಬಹುದಿತ್ತು, ಸರವಾಗಿದ್ದರೆ ಕುತ್ತಿಗೆ, ನಾನು ಕಲಿತದ್ದು ನತ್ತು, ಸದಲಗಾದಲ್ಲಿ ತವರಿನ ಪಕ್ಕದ ಮನೆಯಲ್ಲಿ, ತಂತಿಗೆ ಮುತ್ತು ಪೋಣಿಸಿ ಚಿಮಟದಿಂದ ತಿರುವಿ ತಿರುವಿ, ಕೆಂಪು ಹರಳು ನಡುವೆ, ಹಸಿರು ಕೆಳಗೆ, ನತ್ತಿಗೆ ಮೂಗು ಬೇಕು, ಮೂಗಿಗೆ ಮುಖ ಬೇಕು. ಲಿಂಬೆಹಣ್ಣಿಗೆ ಸಿಕ್ಕಿಸಿ ತೆಗೆದೆ, ತ್ಯಾಚಾ ನಾಕ ಕುಠೇ ಆಹೆ, ಅದರ ಮೂಗೆಲ್ಲಿ ಅಂತ ಶೇವಂತಾಬಾಯಿ ಫೋನಿನಲ್ಲಿ ನಗುವ ಗೊಂಬೆ ಕಳಿಸಿದಳು. ಬದನೆಕಾಯಿಗೆ ಸಿಕ್ಕಿಸಿದೆ, ಅದಕ್ಕೂ ನಕ್ಕಳು. ಒಳ್ಳೆಯ ಹೆಂಗಸು, ಕೊಲ್ಹಾಪುರದಲ್ಲಿ ಮದುಮಗಳ ಸಾಮಾನಿನ ಅಂಗಡಿ, ಇನ್ನು ಮೇಲೆ ಒಂದು ಗಾಜಿನ ಕಪಾಟು ಪೂರ್ತಿ ನಿನಗೇ ಕೊಡುತ್ತೇನೆ, ಮೇಲೆ ನಿನ್ನ ಹೆಸರು ಬರೆಸುತ್ತೇನೆ, ಕೋಮಲ, ಭೋಜ ಅಂತ, ಆದರೆ ನತ್ತು ಮುಖದ ಮೇಲಿರುವ ಫೋಟೋ ಬೇಕು, ಮಾಡಿದವಳ ಮುಖವಿದ್ದರೆ ಮತ್ತೂ ಚಲೋ, ಇವತ್ತು ಸಂಜೆಯೊಳಗೆ ಕಳಿಸು, ಇಲ್ಲದಿದ್ದರೆ ಕಪಾಟು ಇಚಲಕರಂಜಿಯ ಇನ್ನೊಬ್ಬಳಿಗೆ ಹೋಗುತ್ತದೆ ಅಂದಿದ್ದಾಳೆ. ನನ್ನ ಹೆಸರು. ಹೋದ ಭಾದ್ರಪದದಲ್ಲಿ ಇದೇ ಗೌರಿಗೆ ನಾನು ಮಾಡಿದ ನತ್ತೇ ಹಾಕಿದ್ದರು, ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಆರತಿ ಬಿಟ್ಟು ನತ್ತನ್ನೇ ನೋಡಿದರು, ಎಲ್ಲೀದ ಬೇ ಇದು ಎಂದರು, ಅತ್ತೆ ನನ್ನ ಮುಂದೆಯೇ ಹೇಳಿದಳು, ಕೊಲ್ಹಾಪುರದಿಂದ ತರಿಸೀವಿ. ನಾನು ಸಕ್ಕರೆ ಹಂಚುತ್ತಿದ್ದೆ, ಹಂಚುತ್ತಲೇ ಇದ್ದೆ.

ಮುಖ ತೋರಿಸಿದ್ದೆನಲ್ಲ ಒಮ್ಮೆ, ಬರೇ ಡಿಪಿಯಲ್ಲಿ, ಹಳದಿ ಸೀರೆ, ಮೂಗಿನಲ್ಲಿ ನತ್ತು, ಹಿತ್ತಿಲ ಗೋಡೆಯ ಮುಂದೆ. ಯಾವನೋ ಅದನ್ನು ತೆಗೆದು ಕಬ್ಬು ಕಡಿಯುವ ಗ್ಯಾಂಗಿನ ಗಂಡಸರ ಗ್ರೂಪಿಗೆ ಹಾಕಿದ, ಕೆಳಗೆ ಒಬ್ಬ ಏನೋ ಬರೆದ, ಮತ್ತೊಬ್ಬ ಅದರ ಕೆಳಗೆ ಬರೆದ, ಅಲ್ಲೇ ಇದ್ದ ಸಂಜಯನೂ ನೋಡಿದ, ತನ್ನ ಹೆಂಡತಿಯ ಮುಖವನ್ನು ಹತ್ತು ಮಂದಿಯ ಕೈಯಲ್ಲಿ. ಬೈಯಲಿಲ್ಲ, ಬೈದಿದ್ದರೆ ನಾನೂ ಬಾಯಿ ಮಾಡುತ್ತಿದ್ದೆ, ಊಟದ ತಾಟು ಸರಿಸಿ ನನ್ನ ಫೋನು ತೆಗೆದುಕೊಂಡ, ತನ್ನ ಹೆಬ್ಬೆರಳಿನಿಂದ ನನ್ನ ಮುಖ ಒತ್ತಿ ಹಿಡಿದ, ಡಿಲೀಟ್, ಅಲ್ಲಿ ಒಂದು ಗುಲಾಬಿ ಹೂ ಕೂರಿಸಿದ. ನತ್ತ ಮಾಡ, ಬ್ಯಾಡ ಅನ್ನಂಗಿಲ್ಲ, ಮಾರಿ ತೋರಸೂದ ಬ್ಯಾಡ, ಇನ್ನೊಮ್ಮಿ ಮಾರಿ ಕಂಡ್ರ ಫೋನ್ ಬಾವ್ಯಾಗ ಒಗಿತೀನಿ. ತಪ್ಪು ಮಾಡಿದವರು ಅವರು, ಮುಚ್ಚಿಕೊಳ್ಳಬೇಕಾದವಳು ನಾನು, ಇದೆಂಥ ನ್ಯಾಯ ಎಂದು ಕೇಳಬೇಕಿತ್ತು, ಅವನ ಕಣ್ಣು ಕೆಂಪಾಗಿತ್ತು, ತಾಟು ಎತ್ತಿಕೊಂಡು ಒಳಗೆ ಹೋದೆ. ಹೊರಗೆ ಅಕ್ಕುತಾಯಿಯೂ ಈಗ ಅದೇ ಹಾಡು ಹಾಡುತ್ತಿದ್ದಾಳೆ, ಈಗಿನ ಹುಡಿಗ್ಯಾರು ಮಾರೀನ ಫೋನಿನ್ಯಾಗ ಇಟ್ಟ ಬಿಡ್ತಾವ ನೋಡ ಗಿರಿಜವ್ವಾ, ನಾಚಿಕಿ ಅನ್ನೂದ ಇಲ್ಲ, ನಮ್ಮ ಸೊಸಿ ಅಂಥಾಕಿ ಅಲ್ಲವ್ವಾ ಅನ್ನುತ್ತಾಳೆ ಅತ್ತೆ, ಬಳ್ಳೊಳ್ಳಿಯ ಎಸಳು ಬುಟ್ಟಿಗೆ ಬೀಳುತ್ತದೆ.

ಗೌರಿ ಹೊಳೆದದ್ದು ನಿನ್ನೆ ಪಾತ್ರೆ ತಿಕ್ಕುವಾಗ, ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಹಚ್ಚುತ್ತಿದ್ದೆ, ಅಯ್ಯ, ನಮ್ಮ ಮನೆಯಲ್ಲೇ ಒಂದು ಮುಖ ಇದೆಯಲ್ಲ, ಮೂಗಿನಲ್ಲಿ ತೂತೂ ಇದೆ, ಗಂಡನಿಲ್ಲ, ಗ್ರೂಪಿಲ್ಲ, ಯಾರೂ ಅವಳ ಕೆಳಗೆ ಏನೂ ಬರೆಯುವುದಿಲ್ಲ! ನಗು ಬಂದಿತ್ತು, ಈಗ ಬರುವುದಿಲ್ಲ. ಗೌರಿಯನ್ನು ಕಾಲವಲ್ಲದ ಕಾಲದಲ್ಲಿ ಹೊರಗೆ ತೆಗೆಯಬಾರದು, ತೆಗೆದು ಸಿಂಗರಿಸಿದರೆ ಮುಗಿಯಿತು, ಕೂರಿಸಬೇಕು, ಉಣಿಸಬೇಕು, ಐದು ಮನೆಯ ಹೆಂಗಸರನ್ನು ಕರೆದು ಆರತಿ ಮಾಡಿಯೇ ಕಳಿಸಬೇಕು, ಹಾಗೇ ಬಟ್ಟೆ ಸುತ್ತಿ ಟ್ರಂಕಿಗೆ ಹಾಕಿದರೆ ಮನೆಯ ಹೆಣ್ಣು ಹೊರಬೀಳುತ್ತಾಳೆ ಅಂತ ಮದುವೆಯಾದ ವರ್ಷವೇ ಅತ್ತೆ ಹೇಳಿದ್ದು. ನಾನು ನಂಬುವುದಿಲ್ಲ, ನಂಬದಿದ್ದರೆ ನತ್ತು ಹಾಕುವ ಮೊದಲು ಕೈ ಯಾಕೆ ಮುಗಿದೆ. ಆಗಲಿ, ಮುತ್ತಿಗೆ ಬೆಳಕು ತಾಗಿತು, ತಾಗಿತು, ತೆಗೆ — ಎಂಥ ಚೆಂದ ಬಂತು, ಅವ್ವಾ, ಮುತ್ತು ಒಂದೊಂದೂ ಉಸಿರಾಡುವಂತೆ, ಕೆಂಪು ಹರಳಿನೊಳಗೆ ಕಿಡಿ, ಇಂಥದ್ದು ಟಿಪ್ಸ್‌ಬಾಯಿಗೂ ಬರಲಿಕ್ಕಿಲ್ಲ, ಕಳಿಸಿಬಿಡು, ಬೆರಳು ಇಟ್ಟೇ ಬಿಟ್ಟಿದ್ದೆ, ಗಲ್ಲದ ಮೇಲೆ ಅದೇನು ಕಲೆ, ಹೋದ ಹಬ್ಬದ ಕುಂಕುಮ ಸರಿಯಾಗಿ ಹೋಗಿಲ್ಲವೇ, ಎರಡು ಬೆರಳಿಂದ ದೊಡ್ಡದು ಮಾಡಿದೆ.

ನಾನು. ಗೌರಿಯ ಗಲ್ಲದಲ್ಲಿ ನಾನು, ಕಡಲೆಕಾಳಿನಷ್ಟು, ಸೊಟ್ಟ ಮುಖ, ಎರಡೂ ಕೈಯಲ್ಲಿ ಫೋನು, ಹಿಂದೆ ಕಿಟಕಿಯ ಸರಳು ಬಿಲ್ಲಿನಂತೆ ಬಾಗಿ. ಎಡಕ್ಕೆ ಸರಿದು ತೆಗೆದೆ, ಎಡ ಗಲ್ಲಕ್ಕೆ ಬಂದೆ. ಕುಕ್ಕರಗಾಲಲ್ಲಿ ಕೂತೆ, ಗದ್ದಕ್ಕೆ ಇಳಿದೆ. ನಿಂತು ತೆಗೆದರೆ ಹಣೆಯ ಮೇಲೆ. ಕ್ಯಾಲೆಂಡರಿನ ಹಾಳೆ ಅಡ್ಡ ಹಿಡಿದರೆ ನಾನು ಹೋಗುತ್ತೇನೆ, ನನ್ನ ಜೊತೆ ಮುತ್ತಿನ ಕಾಂತಿಯೂ ಹೋಗುತ್ತದೆ, ಗೌರಿಗೆ ಬಿಳುಪು ರೋಗ ಬಂದಂತೆ ಕಾಣುತ್ತದೆ. ತೆಗೆಯುವವಳು ಎದುರಿಗೆ ನಿಲ್ಲದೆ ತೆಗೆಯುವುದು ಹೇಗೆ, ಇದಕ್ಕೆ ಟಿಪ್ಸ್ ಇಲ್ಲವೇನೇ ಬಾಯಿ. ಇದೆ, ಅದೂ ಇದೆ, ಬೇಡವಾದ ಕಲೆಯ ಮೇಲೆ ಬೆರಳು ಉಜ್ಜಿ, ಮಾಯ. ಉಜ್ಜಿದೆ. ಹೆಬ್ಬೆರಳಿನಿಂದ, ಇದೇ ಹೆಬ್ಬೆರಳಲ್ಲವೇ, ಸಂಜಯ ಒತ್ತಿದ್ದು ಹೀಗೇ ಅಲ್ಲವೇ, ತಾಟು ಸರಿಸಿ, ಇಷ್ಟೇ ಹಗುರಾಗಿ. ಎತ್ತಿ ನೋಡಿದರೆ ನಾನಿಲ್ಲ, ನುಣ್ಣನೆಯ ಹಿತ್ತಾಳೆ, ಆ ಫೋಟೋ ತನ್ನಷ್ಟಕ್ಕೆ ತಾನೇ ಆದಂತೆ, ನತ್ತು ಗಿಡದಲ್ಲಿ ಬಿಟ್ಟಂತೆ. ಕೊಲ್ಹಾಪುರದಿಂದ ತರಿಸೀವಿ. ಇಲ್ಲ, ಇದನ್ನು ಕಳಿಸಲಾರೆ, ಬೇರೆ ಯಾರಾದರೂ ಒರೆಸಲಿ ನನ್ನನ್ನು, ನಾನೇ ಒರೆಸಿಕೊಳ್ಳಲಾರೆ. ಉಜ್ಜಿದ್ದನ್ನು ರದ್ದು ಮಾಡಿದೆ, ಮತ್ತೆ ಬಂದೆ, ಕಡಲೆಕಾಳಿನಷ್ಟು. ಮತ್ತೊಂದು ತೆಗೆಯಲು ಸ್ವಲ್ಪ ವಾಲಿದೆ, ಗಲ್ಲದಲ್ಲಿ ನತ್ತಿನ ಬಿಂಬವೂ ಸರಿಯಿತು, ಇನ್ನೂ ಸ್ವಲ್ಪ ವಾಲಿದೆ, ಮತ್ತೂ ಸ್ವಲ್ಪ, ಅದು ಬಂದು ನನ್ನ ಮೂಗಿನ ಮೇಲೆಯೇ ಕೂತಿತು, ಆ ಪುಟ್ಟ ಸೊಟ್ಟ ಮೂಗಿನ ಮೇಲೆ ಪುಟ್ಟ ನತ್ತು, ಅಲುಗಾಡಬೇಡ, ಉಸಿರು ಹಿಡಿ — ತೆಗೆದೆ. ಕಳಿಸಿದೆ. ಯೋಚಿಸಿದ್ದರೆ ಕಳಿಸುತ್ತಿರಲಿಲ್ಲ.

ನೀಲಿ ಗೆರೆ ಬಂತು, ಶೇವಂತಾಬಾಯಿ ನೋಡಿದಳು, ಟೈಪ್ ಮಾಡುತ್ತಿದ್ದಾಳೆ, ನಿಲ್ಲಿಸಿದಳು, ಮತ್ತೆ ಮಾಡುತ್ತಿದ್ದಾಳೆ. ತಿಚ್ಯಾ ಗಾಲಾವರ ಕೋಣ ಆಹೆ ಗ? ಕಂಡುಬಿಟ್ಟಿತು, ಅವಳ ಗಲ್ಲದ ಮೇಲೆ ಯಾರು ಅಂತ ಕೇಳುತ್ತಿದ್ದಾಳೆ, ನಾನು ಏನೂ ಬರೆಯುವ ಮೊದಲೇ ಅವಳಿಂದ ಫೋಟೋ ಬಂತು, ನಾನು ಕಳಿಸಿದ್ದೇ, ಕತ್ತರಿಸಿ ದೊಡ್ಡದು ಮಾಡಿದ್ದಾಳೆ, ಗೌರಿ ಪೂರ್ತಿ ಹೋಗಿದ್ದಾಳೆ, ಉಳಿದದ್ದು ನಾನೊಬ್ಬಳೇ, ಹಳದಿ, ಮಬ್ಬು, ಮೂಗಿನಲ್ಲಿ ನತ್ತು. ಹೀ ತೂಚ ನಾ? ಹೇಚ ಲಾವೂ ಕಾ ದುಕಾನಾತ? ನೀನೇ ಅಲ್ಲವೇ, ಇದನ್ನೇ ಹಾಕಲೇ ಅಂಗಡಿಯಲ್ಲಿ. ಗಾಜಿನ ಕಪಾಟಿನ ಮೇಲೆ, ಹೆಸರಿನ ಪಕ್ಕ, ಭೋಜದ ಮಂದಿ ಕೊಲ್ಹಾಪುರಕ್ಕೆ ಹೋಗದವರು ಯಾರು, ಮದುವೆ ಸಾಮಾನಿಗೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ, ಯಾವನೋ ಮತ್ತೆ ಫೋನು ಎತ್ತುತ್ತಾನೆ. ಬೇಡ ಎನ್ನು ಕೋಮಲ, ಬೇಡ ಎಂದರೆ ಎಲ್ಲ ಹಾಗೇ ಉಳಿಯುತ್ತದೆ, ಗುಲಾಬಿ ಹೂ, ಉಪ್ಪಿನ ಡಬ್ಬಿ, ಹಾಗೇ ಉಳಿಯುತ್ತದೆ ಎನ್ನುವುದೇ ಭಯವಾಯಿತು, ಹೌದೆನ್ನುವ ಹೋ ಒತ್ತಿದೆ, ಆ ಒಂದೇ ಅಕ್ಷರ, ಹೋಯಿತು. ಮತ್ತು ಸೀನು ಬಂತು.

ಹೊರಗೆ ಬಳ್ಳೊಳ್ಳಿಯ ಸದ್ದು ನಿಂತಿತು. ಯಾರದು ಒಳಗ? ಅತ್ತೆಯ ದನಿ, ಬಾಗಿಲು ದೂಡಿದಳು, ಚಿಲಕ ಕಟಕಟ ಎಂದಿತು, ಅಕ್ಕುತಾಯಿ ಸಂದಿಗೆ ಕಣ್ಣು ಇಟ್ಟಿರಬೇಕು, ಹಲಗೆಯ ಗೆರೆ ಕಪ್ಪಾಯಿತು, ಬೇ, ಏನೋ ಮಿಂಚಾಕತ್ತೈತಿ ಒಳಗ. ಬಟ್ಟೆ ಎಲ್ಲಿ, ಎಲ್ಲಿ ಮುಚ್ಚಲಿ, ಗೊಬ್ಬರದ ಚೀಲದ ಹಿಂದೆ ದೇವರನ್ನು ಇಡಲೇ, ನತ್ತು ಬಿಚ್ಚಬೇಕು ಮೊದಲು, ತಂತಿ ತೂತಿನಲ್ಲಿ ಸಿಕ್ಕಿದೆ, ಬೆರಳು ಬೆವರಿದೆ, ಎಳೆದರೆ ಮುತ್ತು ಉದುರುತ್ತದೆ. ಅಂಗಳದಲ್ಲಿ ಮೋಟರ್‌ಸೈಕಲ್ ನಿಂತಿತು. ಸಂಜೂ, ಬಾರೋ ಇಲ್ಲೆ, ಈ ಬಾಗಲಾ ನೋಡಪಾ, ಒಳಗ ಯಾರೋ ಅದಾರ. ಅವನ ಚಪ್ಪಲಿಯ ಸದ್ದು, ಪಡಸಾಲೆಯ ಮೆಟ್ಟಿಲು, ಅತ್ತೆ ಸರಿದು ದಾರಿ ಬಿಟ್ಟದ್ದು, ಯಾರದು ಎಂದ ಅವನೂ, ಯಾರದು ಒಳಗ, ನನ್ನ ಕೈಯಲ್ಲಿ ಫೋನು ಒಮ್ಮೆ ನಡುಗಿತು, ಲಾವಲಾ, ಹಾಕಿದೆ ಎಂದು ಶೇವಂತಾಬಾಯಿ, ನಾನು ತಲೆ ಎತ್ತಿದೆ, ಬಾಯಿ ತೆರೆದೆ, ಗೌರಿಯ ಗಲ್ಲದಲ್ಲಿ ಅವಳೂ ಬಾಯಿ ತೆರೆದಳು, ಕಡಲೆಕಾಳಿನಷ್ಟು, ಮೂಗಿನಲ್ಲಿ ನತ್ತು, ಹಿಂದೆ ಸರಳು — ಯಾರದು — ಮೂಗಿನಲ್ಲಿ ನತ್ತು, ಹಿಂದೆ ಸರಳು