ಫಲೇಸಿಯ ಕಾಯಿಲೆಯ ಕಥೆ

"ಬೇರು ಕುಡಿಸಿದ್ದು ನಾನೇ ಅಂತ ಬೊಗಳು, ಮುದಿ ಗೂಬೆ. ಮೊಮ್ಮಗಳು ಫಲೇಸೀನೂ ಹೋದ್ಳು, ಅವಳ ಹೊಟ್ಟೇಲಿದ್ದದ್ದೂ ಹೋಯ್ತು. ಇನ್ನೂ ಕಲ್ಲಿನ ಹಾಗೆ ಕೂತಿದೀಯಲ್ಲ."

ಹೆರಿಗೆ ಕೋಣೆಯ ಹೊರಗೆ ಎನೆಲೇಸಿ ಅಜ್ಜಿ ಎರಡೂ ಕಾಲು ಮುಂದಕ್ಕೆ ಚಾಚಿ ನೆಲದ ಮೇಲೆ ಕೂತಿದ್ದಳು. ಸತ್ತ ಮನೆಯಲ್ಲಿ ಹೆಂಗಸರು ಕೂರುವುದು ಹಾಗೆಯೇ. ಡಾಕ್ಟರ್ ನಮಲೊಂಬನ ಬೂಟು ಅವಳ ಹಿಮ್ಮಡಿಗೆ ತಾಗುತ್ತಿತ್ತು.

"ನಾನು ಕುಡಿಸ್ಲಿಲ್ಲ ಧಣಿ. ಗಂಜಿ ಕುಡಿಸ್ದೆ. ಅದೂ ಸಿಸ್ಟರಮ್ಮ ಕುಡಿಸು ಅಂದ್ಮ್ಯಾಕೆ."

"ಆ ಗಂಜೀಲೇ ಕಲಸ್ತೀರಿ ನೀವು. ಗೊತ್ತಿಲ್ವಾ ನನಗೆ ಟೀ ತೋಟದ ಜನ? ಬೇಗ ಹೆರಲಿ ಅಂತ ಬೇರು ತೇದು ಕುಡಿಸೋದು, ಗರ್ಭ ಹರಿದ ಮೇಲೆ ಆಸ್ಪತ್ರೆ ಬಾಗಿಲಿಗೆ ಬಂದು ಬಾಯಿ ಬಡ್ಕೊಳ್ಳೋದು."

"ಇಲ್ಲ ಧಣಿ."

"ಹೆಣ ಬೇಕೋ ಬೇಡವೋ?"

ಅಜ್ಜಿ ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ನರ್ಸ್ ಮಲಿತಾಳ ಮುಖ ನೋಡಿದಳು. ಮಲಿತಾ ಕೈಯಲ್ಲಿದ್ದ ತಟ್ಟೆಯೊಳಗಿನ ಕತ್ತರಿ ನೋಡಿದಳು.

"ಬೇಕು ಧಣಿ."

"ಹಾಗಾದ್ರೆ ಬೇರು ಕುಡಿಸಿದೆ ಅಂತ ಇದಕ್ಕೆ ಹೆಬ್ಬೆಟ್ಟು ಒತ್ತು."

ಅವನೇ ಬಗ್ಗಿ ಅವಳ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿದ. ಐವತ್ತು ವರ್ಷ ಚಹಾ ಚಿಗುರು ಚಿವುಟಿದ ಬೆರಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕಾಗದದ ಮೇಲೆ ಬರೀ ಕಪ್ಪು ಮೆತ್ತಿತು.

"ಇದೂ ಒಂದು ಹೆಬ್ಬೆಟ್ಟಾ," ಎಂದು ಅವನು ಕೈ ಒರೆಸಿಕೊಂಡ.

ಆಮೇಲೆ ಮಲಿತಾಳ ಸರದಿ. ಅವಳು ಬರೆದಿದ್ದ ಹೆರಿಗೆಯ ಹಾಳೆ ಡಾಕ್ಟರನ ಮೇಜಿನ ಮೇಲಿತ್ತು. ಅರ್ಧ ಗಂಟೆಗೊಂದು ಚುಕ್ಕೆ. ಬೆಳಿಗ್ಗೆ ಏಳರಿಂದ ಚುಕ್ಕೆಗಳು ಸಾಲಾಗಿ ಮೇಲಕ್ಕೆ ಹತ್ತಿ, ಒಂಬತ್ತಕ್ಕೆ ನಿಂತು, ಹನ್ನೊಂದಕ್ಕೆ ದಾಟಬಾರದ ಗೆರೆ ದಾಟಿದ್ದವು. ಮಗುವಿನ ತಲೆ ಸಿಕ್ಕಿಕೊಂಡಿದೆ, ಹೊಟ್ಟೆ ಕೊಯ್ದು ತೆಗೆಯಬೇಕು, ದೊಡ್ಡಾಸ್ಪತ್ರೆಗೆ ಒಯ್ಯಬೇಕು ಎಂದು ಆ ಗೆರೆಯ ಅರ್ಥ. ಪಕ್ಕದಲ್ಲಿ ಅವಳದೇ ಅಕ್ಷರ: ಆಂಬುಲೆನ್ಸಿಗೆ ಫೋನ್ ಮಾಡಿದೆ, ಹನ್ನೊಂದೂ ಐದು. ಮತ್ತೆ ಫೋನ್, ಒಂದು ಗಂಟೆ. ಮತ್ತೆ, ಮೂರು. ಗಾಡಿ ಬಂದದ್ದು, ಐದೂಕಾಲು. ಸಾವು, ಐದೂ ನಲವತ್ತು.

ಡಾಕ್ಟರ್ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೊಸದೊಂದನ್ನು ಮುಂದಿಟ್ಟ.

"ಬರಿ. ರೋಗಿ ಬಂದದ್ದು ಮಧ್ಯಾಹ್ನ ನಾಲ್ಕಕ್ಕೆ. ಮನೆಯಲ್ಲಿ ಬೇರಿನ ಔಷಧಿ ಕುಡಿದಿದ್ದಳು."

"ಸರ್, ಅವಳು ಏಳಕ್ಕೆ ಬಂದಳು."

"ಯಾರು ನೋಡಿದ್ದು?"

"ನಾನು."

"ನೀನು ಇನ್ನೂ ಏನೇನೋ ಮಾಡಿದೀಯ. ಒಂದು ಗಂಟೆ ಹೊತ್ತಿಗೆ ಅವಳ ತೊಡೆಗೆ ಎರಡು ಬಾರಿಸಿದ್ಯಲ್ಲ, ಛಟೀರ್ ಅಂತ, ಅದು ನನ್ನ ರೂಮಿಗೂ ಕೇಳಿಸ್ತು. ನೀನು ಬೇರು ಅಂತ ಬರೀದಿದ್ರೆ ನಾನು ಏಟು ಅಂತ ಬರೀತೀನಿ. ಜಿಲ್ಲೆಯವರು ಯಾವುದನ್ನ ನಂಬ್ತಾರೆ ಅಂತ ನೀನೇ ಯೋಚನೆ ಮಾಡು. ಕೆಲಸ ಖಾಯಂ ಆಗೋಕೆ ಇನ್ನು ಎಷ್ಟು ತಿಂಗಳು ನಿನಗೆ?"

"ನಾಲ್ಕು."

"ನಾಲ್ಕು," ಎಂದ ಅವನು, ಮಗುವಿಗೆ ಲೆಕ್ಕ ಹೇಳಿಕೊಡುವವನಂತೆ.

ಹೊಡೆದದ್ದು ನಿಜ. ಗಾಡಿ ಬರುತ್ತಿಲ್ಲ, ಡಾಕ್ಟರ್ "ಬರ್ತಾ ಇದೆ, ಬರ್ತಾ ಇದೆ" ಅನ್ನುತ್ತಾನೆ, ಒಳಗೆ ಫಲೇಸಿ ಕಿರುಚುತ್ತಾಳೆ. ಡಾಕ್ಟರಿಗೆ ಕೊಡಲಾಗದ ಏಟನ್ನು ಮಲಿತಾ ಫಲೇಸಿಗೆ ಕೊಟ್ಟಿದ್ದಳು. "ಮಲಗೋವಾಗ ಹಿಂಗೇ ಕಿರುಚಿದ್ಯಾ?" ಅಂತಲೂ ಅಂದಿದ್ದಳು. ಅವಳ ಅವ್ವ ಅವಳನ್ನು ಹೆರುವಾಗಲೂ ಯಾವಳೋ ಇದೇ ಮಾತು ಅಂದಿದ್ದಳಂತೆ. ಅವ್ವನೂ ತೋಟದವಳೇ.

ನರ್ಸಿಂಗ್ ಶಾಲೆಯಲ್ಲಿ ಮೇಣದ ಬತ್ತಿ ಹಿಡಿಸಿ ಆಣೆ ಮಾಡಿಸಿದ್ದರು. ನೀತಿಪಾಠದ ಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತಕ್ಕೆ ಹದಿನೆಂಟು. ರೋಗಿಗೆ ಯಾವುದು ಒಳಿತು, ಯಾವುದು ಕೆಡುಕು, ಯಾವುದು ನ್ಯಾಯ ಎಂದು ಮೂರು ತಲೆಬರಹ ಹಾಕಿ ಬರೆದರೆ ಅಂಕ ಬೀಳುತ್ತಿತ್ತು. ಆ ಪ್ರಶ್ನೆಗಳಲ್ಲಿ ಯಾರ ಜೇಬಲ್ಲೂ ಮಡಿಸಿದ ಹಾಳೆ ಇರುತ್ತಿರಲಿಲ್ಲ.

ಮಲಿತಾ ಬರೆದಳು. ಸಹಿಯನ್ನೂ ಹಾಕಿದಳು.

ಮಾರನೆ ದಿನ ಡಾಕ್ಟರ್ ಅವಳನ್ನು ಮತ್ತೆ ಕರೆದ. ಅವಳ ಬರಹದ ನಕಲೊಂದು ಅವನ ಕೈಯಲ್ಲಿತ್ತು.

"ಹೆಣದ ಜೊತೆ ನೀನೂ ಹೋಗು. ಮಣ್ಣಿಗೆ ಮುಂಚೆ ಕಾಯಿಲೆಯ ಕಥೆ ಹೇಳೋ ಪದ್ಧತಿ ಇದೆಯಲ್ಲ, ಆ ಮುದುಕಿ ಏನೇನೋ ಬಡಬಡಿಸ್ತಾಳೆ. ಪಕ್ಕದಲ್ಲಿ ಕೂತಿದ್ದವಳು ನೀನು, ನೀನೇ ಹೇಳು. ಇದನ್ನ ಓದು, ಸಾಕು."

ಆಂಬುಲೆನ್ಸಿನಲ್ಲಿ ಪೆಟ್ಟಿಗೆಯ ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ಮಲಿತಾ. ತೋಟದ ದಾರಿಯ ಹಳ್ಳಗಳಿಗೆ ಗಾಡಿ ಬಿದ್ದಾಗಲೆಲ್ಲ ನೆಲದಿಂದ ಬೂದಿ ಬಣ್ಣದ ಧೂಳು ಏಳುತ್ತಿತ್ತು. ಮಲಿತಾ ಬಿಳಿ ಅಂಗಿ ಕೊಡವಿಕೊಂಡಳು. ಧೂಳು ಹೋಗಲಿಲ್ಲ, ಮೆತ್ತಿಕೊಂಡಿತು.

"ಏನಿದು ಬೌಲೆನಿ?"

"ಸಿಮೆಂಟು," ಎಂದ ಡ್ರೈವರ್, ತಿರುಗದೆ. "ಡಾಕ್ಟರ ಹೊಸ ಮನೆಗೆ. ನಿನ್ನೆ ಎರಡು ಟ್ರಿಪ್ ಹೊಡೆದೆ. ಗುಡಿಸೋಕೆ ಎಲ್ಲಿತ್ತು ಪುರುಸೊತ್ತು?"

ನಿನ್ನೆ ಎಂದರೆ ಫಲೇಸಿ ಸತ್ತ ದಿನ. ಅಜ್ಜಿ ಉಟ್ಟ ಚಿತೆಂಜೆ ಬಟ್ಟೆಯ ತುದಿಯಿಂದ ಪೆಟ್ಟಿಗೆಯ ಅಂಚನ್ನು ಒರೆಸಿದಳು. ಮುಂದಿನ ಹಳ್ಳಕ್ಕೆ ಮತ್ತೆ ಧೂಳು ಕೂತಿತು. ಮತ್ತೆ ಒರೆಸಿದಳು.

ಊರಿಗೆ ಅವರಿಗಿಂತ ಮುಂಚೆ ಬೇರಿನ ಮಾತು ತಲುಪಿತ್ತು. ಅಂಗಳದಲ್ಲಿ ಕಾಲು ಚಾಚಿ ಕೂತಿದ್ದ ಹೆಂಗಸರು ಅಜ್ಜಿಗೆ ಜಾಗ ಬಿಡಲಿಲ್ಲ. ಅವಳು ಪೆಟ್ಟಿಗೆಯ ಕಾಲ ಬಳಿ ಒಬ್ಬಳೇ ಕೂತಳು. ಗಂಡಸರ ಗುಂಪಿನಲ್ಲಿ ಫಲೇಸಿಯ ತಮ್ಮ ಲೈಸನ್ ನಿಂತಿದ್ದ. ಅವನ ಕೈಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲಿತ್ತು. ಅದನ್ನು ಅವನು ಮುಚ್ಚಿಟ್ಟುಕೊಂಡಿರಲೂ ಇಲ್ಲ. ಹೋದ ವರ್ಷ ಪಕ್ಕದ ಊರಲ್ಲಿ ಇಂಥದ್ದೇ ಮಾತಿಗೆ ಒಬ್ಬ ಮುದುಕಿಯನ್ನು ಕೊಂದಿದ್ದರು. ಮಣ್ಣು ಮಾಡಿ ಬಂದ ಕೈಯಲ್ಲೇ.

ಪ್ರಾರ್ಥನೆ ಮುಗಿಯಿತು. ಊರ ಯಜಮಾನ ಎದ್ದು ನಿಂತ.

"ಮಣ್ಣಿಗೆ ಕೊಡಾಕ್ ಮುಂಚೆ ಕೇಳಬೇಕು. ಕಾಯಿಲೇಲಿ ಇವಳ ಪಕ್ಕ ಕುಂತಿದ್ದೋರು ಯಾರು? ಹೆಂಗಾಯ್ತು ಹೇಳ್ಲಿ."

"ಆಸ್ಪತ್ರೆಯೋರು ಕಾಗದ ತಂದವ್ರೆ," ಎಂದ ಯಾರೋ.

"ಅವಳಾ? ಅವಳ ಬಾಯಿ ನಂಗೊತ್ತಿಲ್ವಾ," ಎಂದಳು ಹೆಂಗಸರ ನಡುವೆ ಒಬ್ಬಳು. "ನನ್ನ ಎರಡ್ನೇದು ಅಲ್ಲೇ ಹೆತ್ತಿದ್ದು. ಹಂದಿ ಅಂದಿದ್ಲು ನನ್ನ."

ಮಲಿತಾ ಎದ್ದಳು. ಅಜ್ಜಿ ಅವಳನ್ನು ನೋಡಲಿಲ್ಲ. ತನ್ನ ಕಪ್ಪು ಹೆಬ್ಬೆರಳನ್ನು ಬಟ್ಟೆಗೆ ಉಜ್ಜುತ್ತಿದ್ದಳು. ಕಾಗದ ಬಿಚ್ಚಿದರೆ ಸಾಕು, ಎರಡು ಸಾಲು. ಓದಿ ಗಾಡಿ ಹತ್ತಿದರೆ ನಾಲ್ಕು ತಿಂಗಳಿಗೆ ಕೆಲಸ ಖಾಯಂ. ಕಲ್ಲು ಬೀಳುವಾಗ ಅವಳು ಇಲ್ಲಿ ಇರಬೇಕಾಗಿಯೂ ಇಲ್ಲ.

ಅವಳು ಕಾಗದ ಬಿಚ್ಚಲಿಲ್ಲ.

"ನಾನು ಇವಳಿಗೆ ಹೊಡೆದೆ," ಎಂದಳು.

ಕಾಲು ಚಾಚಿ ಕೂತಿದ್ದ ಹೆಂಗಸರು ತಲೆಯೆತ್ತಿದರು.

"ಬಲತೊಡೆಗೆ. ಎರಡು ಸಲ. ಹೊಲಸು ಮಾತೂ ಆಡಿದೆ. ಅದನ್ನ ಮೊದಲು ಹೇಳಬೇಕು, ಇಲ್ಲದಿದ್ರೆ ಮಿಕ್ಕಿದ್ದನ್ನ ನೀವು ನಂಬೋದಿಲ್ಲ. ಫಲೇಸಿ ಬೆಳಿಗ್ಗೆ ಏಳಕ್ಕೆ ನಡೆದುಕೊಂಡು ಬಂದಳು. ಬೇರು ಕುಡಿದಿರಲಿಲ್ಲ. ಅಜ್ಜಿ ಕುಡಿಸಿದ್ದು ಗಂಜಿ. ಅದರಲ್ಲಿ ಅರ್ಧ ನನ್ನೆದುರಿಗೇ ವಾಂತಿ ಆಯ್ತು. ಹನ್ನೊಂದಕ್ಕೇ ಒಯ್ಯಬೇಕಿತ್ತು. ಗಾಡಿ ಕೇಳಿದೆ. ಒಂದಕ್ಕೆ ಕೇಳಿದೆ, ಮೂರಕ್ಕೆ ಕೇಳಿದೆ. ಗಾಡಿ ಡಾಕ್ಟರ ಮನೆಗೆ ಸಿಮೆಂಟು ಹೊರ್ತಾ ಇತ್ತು. ಗರ್ಭ ಹರಿದದ್ದು ಅದಕ್ಕೆ. ಬೇರು ಅಂತ ಬರೆದದ್ದು ಸುಳ್ಳು. ಬರೆದ ಕೈ ನಂದೇ."

"ಸಿಮೆಂಟು ಅನ್ನಾಕೆ ಗುರುತೇನು?" ಎಂದ ಯಜಮಾನ.

ಮಲಿತಾ ಬಗ್ಗಿ ಪೆಟ್ಟಿಗೆಯ ಅಡಿಗೆ ಕೈ ಹಾಕಿ ಸವರಿ ತೋರಿಸಿದಳು. ಅಂಗೈ ಬೂದಿ ಬಣ್ಣವಾಗಿತ್ತು. ಅವಳನ್ನು ಹಳಿದಿದ್ದ ಹೆಂಗಸು ಎದ್ದು ಬಂದು ತಾನೂ ಪೆಟ್ಟಿಗೆಯ ಅಡಿ ಸವರಿದಳು. ಬೆರಳು ಮೂಸಿದಳು. ಆಮೇಲೆ ಮಲಿತಾಳ ಮುಖವನ್ನೇ ನೋಡುತ್ತ, "ಹೊಡೆದ್ಯಲ್ಲೇ ಮುಂಡೆ," ಎಂದಳು.

"ಹೊಡೆದೆ."

ಬೌಲೆನಿಗೆ ಡಾಕ್ಟರನ ಫೋನ್ ಬಂತು. ಒಂದು ನಿಮಿಷ ಕೇಳಿಸಿಕೊಂಡು ಅವನು ಓಡಿ ಹೋಗಿ ಗಾಡಿ ಶುರು ಮಾಡಿದ. "ಸಿಸ್ಟರ್, ಹತ್ತಿ. ಗಾಡಿ ಈಗಿಂದೀಗ ವಾಪಸ್ ಬೇಕಂತೆ, ಒಳಗೆಲ್ಲ ತೊಳೀಬೇಕಂತೆ."

ಮೊದಲು ಎದ್ದವಳು ಎನೆಲೇಸಿ ಅಜ್ಜಿ. ನಿಧಾನಕ್ಕೆ ನಡೆದು ಹೋಗಿ ಗಾಡಿಯ ಮುಂದೆ ಮಣ್ಣಲ್ಲಿ ಕೂತು ಎರಡೂ ಕಾಲು ಚಕ್ರದ ಕಡೆಗೆ ಚಾಚಿದಳು. ಹಳಿದ ಹೆಂಗಸು ಹೋಗಿ ಅವಳ ಪಕ್ಕ ಕೂತಳು. ಆಮೇಲೆ ಇನ್ನಿಬ್ಬರು. ಆಮೇಲೆ ಅಂಗಳವೇ ಎದ್ದಿತು. ಮಲಿತಾಳಿಗೆ ಯಾರೂ ಜಾಗ ಬಿಡಲಿಲ್ಲ. ಅವಳು ಸಾಲಿನ ಕೊನೆಯಲ್ಲಿ, ದಾರಿಯ ಕೆಸರಿನ ಅಂಚಿಗೆ, ಬಿಳಿ ಅಂಗಿಯಲ್ಲೇ ಕಾಲು ಚಾಚಿ ಕೂತಳು.

ಬೌಲೆನಿ ಹಾರ್ನ್ ಹೊಡೆದ. ಯಾರೂ ಕದಲಲಿಲ್ಲ. ಹಿಂದಕ್ಕೆ ತೆಗೆಯಲು ಕನ್ನಡಿ ನೋಡಿದ.

ಕನ್ನಡಿಯಲ್ಲಿ ಲೈಸನ್ ಬರುತ್ತಿದ್ದ. ಬಂದವನು ಬಗ್ಗಿ, ಮುದುಕಿಗೆಂದು ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದ ಕಲ್ಲನ್ನು ಹಿಂದಿನ ಚಕ್ರಕ್ಕೆ ಕೊಟ್ಟು, ಕಾಲಿಂದ ಒದ್ದು ಬಿಗಿ ಮಾಡಿದ.